ಗುಡ್ಡದೊಳಗಿನ ನೀರು ಕಾಣೋದು ಹೇಗೆ? ವಿದ್ಯುತ್ಕಾಂತೀಯ ಸರ್ವೆಯ ಎಬಿಸಿಡಿ

2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹಾಳಾದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಜಾರಿತು. ಮಳೆ ಎಲ್ಲ ಗುಡ್ಡಕ್ಕೂ ಸುರಿಯುತ್ತೆ, ಎಲ್ಲವೂ ಕುಸಿಯಲ್ಲ. ಇಳಿಜಾರು ಎಷ್ಟು, ಗುಡ್ಡ ಹೇಗೆ ಕಡಿದಿದ್ದಾರೆ ಅನ್ನೋದರ ಜೊತೆಗೆ, ಒಳಗೆ ನೀರು ಎಲ್ಲಿ ನಿಲ್ಲುತ್ತೆ ಅನ್ನೋದೂ ಮುಖ್ಯ. ಅದನ್ನು ಅಗೆಯದೇ ನೋಡಬಹುದು.

ತತ್ವ ಏನು?
ಒಣಗಿದ ಜಂಬಿಟ್ಟಿಗೆ, ಗಟ್ಟಿ ಬಂಡೆ ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡುವುದಿಲ್ಲ. ನೀರು ಕುಡಿದ ಶೇಡಿ ಮಣ್ಣು, ಉಪ್ಪುನೀರು ಹರಿಯಗೊಡುತ್ತವೆ. ಈ ಪ್ರತಿರೋಧದ ವ್ಯತ್ಯಾಸವೇ ನಕ್ಷೆಯಾಗುತ್ತೆ.

ಅಳೆಯೋದು ಹೇಗೆ?
ಒಂದು ವಿಧಾನದಲ್ಲಿ ತಂತಿಯ ಸುರುಳಿಗೆ ಕರೆಂಟ್ ಕೊಟ್ಟು ತಟ್ಟನೆ ನಿಲ್ಲಿಸ್ತಾರೆ. ಆಗ ನೆಲದೊಳಗೆ ಹುಟ್ಟುವ ಪ್ರವಾಹ ಎಷ್ಟು ಬೇಗ ಅಡಗುತ್ತೆ ಅಂತ ನೋಡ್ತಾರೆ. ಇನ್ನೊಂದು ಮ್ಯಾಗ್ನೆಟೋಟೆಲ್ಯೂರಿಕ್. ಇಲ್ಲಿ ಮಿಂಚು ಮತ್ತು ಸೌರಗಾಳಿಯಿಂದ ಏಳುವ ಸಹಜ ಅಲೆಗಳೇ ಸಾಕು. ಆವರ್ತನ ಕಡಿಮೆಯಾದಷ್ಟೂ ಆಳ ಹೆಚ್ಚು, ಹತ್ತಾರು ಕಿಲೋಮೀಟರ್‌ವರೆಗೂ.

ಜಗತ್ತಿನಲ್ಲಿ ಎಲ್ಲಿ?
ಖಂಡ ಸೀಳುತ್ತಿರುವ ಪೂರ್ವ ಆಫ್ರಿಕಾದ ಬಿರುಕು ಕಣಿವೆಯಲ್ಲಿ. ಅಲ್ಲಿ ಬಿಸಿ ಉಪ್ಪುನೀರು, ಕರಗಿದ ಶಿಲೆ ಎಲ್ಲಿವೆ ಅಂತ ಹೀಗೇ ಹುಡುಕ್ತಾರೆ. ಕೀನ್ಯಾದ ಓಲ್ಕಾರಿಯಾ ಭೂಶಾಖ ಕ್ಷೇತ್ರದಲ್ಲೂ ಈ ವಿಧಾನ ಬಳಕೆಯಾಗಿದೆ. ನಮ್ಮ ಪಶ್ಚಿಮ ಕರಾವಳಿಯೂ ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಬೇರೆಯಾದಾಗ ಸೀಳಿದ ಅಂಚೇ. ಆದರೆ ಶಿರಸಿ, ಸಿದ್ದಾಪುರದಲ್ಲಿ ಈಗ ಬೇಕಿರೋದು ಶಿಲಾಪಾಕದ ಸುಳಿವಲ್ಲ, ಮೇಲಿನ ಕೆಲವು ಹತ್ತು ಮೀಟರ್‌ಗಳ ಚಿತ್ರ.

ಕರ್ನಾಟಕದಲ್ಲಿ ಆಗಿದೆಯಾ?
ಆಗಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಕೇಂದ್ರೀಯ ಅಂತರ್ಜಲ ಮಂಡಳಿ ದೇಶದ 6 ಕಡೆ ಪ್ರಾಯೋಗಿಕ ಅಂತರ್ಜಲ ನಕ್ಷೆ ಮಾಡಿದಾಗ ತುಮಕೂರಿನ ಅಂಕಸಂದ್ರವೂ ಪಟ್ಟಿಯಲ್ಲಿತ್ತು. ಹೆಲಿಕಾಪ್ಟರ್‌ಗೆ ಸುರುಳಿ ನೇತುಹಾಕಿ ಹಾರಿಸಿದ್ದರು.

ಮಿತಿ ಏನು?
ಜೇಡಿಯೂ ನೀರೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಹಾಗಾಗಿ ಒಂದೆರಡು ಕಡೆ ಕೊರೆದು ತಾಳೆ ನೋಡಲೇಬೇಕು. ಕರೆಂಟಿನ ಲೈನು, ತಂತಿಬೇಲಿ ಅಳತೆ ಕೆಡಿಸುತ್ತವೆ. ಮಲೆನಾಡಿನ ಇಳಿಜಾರು ಕಾಡಿನಲ್ಲಿ ಸರ್ವೆಯೇ ಕಷ್ಟ. ಇನ್ನು, ಗುಡ್ಡ ಯಾವ ದಿನ ಕುಸಿಯುತ್ತೆ ಅಂತ ಇದು ಹೇಳಲ್ಲ.

ನಮಗ್ಯಾಕೆ ಇದು?
ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ನೋಡೋರನ್ನು ನಾವು ಗೇಲಿ ಮಾಡ್ತೀವಿ. ಒಳಗೇನಿದೆ ಅಂತ ನೋಡದೇ ರಸ್ತೆಗೆ ಗುಡ್ಡ ಕಡಿಯೋದು ಅದಕ್ಕಿಂತ ದೊಡ್ಡ ಜೂಜು. ಮುಂದಿನ ಸಲ ಘಟ್ಟದ ರಸ್ತೆ ಅಗಲ ಮಾಡ್ತೀವಿ ಅಂದಾಗ ಕೇಳಿ: ಭೂಭೌತ ಸರ್ವೆ ಆಗಿದೆಯಾ? ವರದಿ ಎಲ್ಲಿದೆ? ಗ್ರಾಮಸಭೆಗೆ ತೋರಿಸಿದ್ರಾ?