ಮುನ್ಷಿ, ಗಾದೆ, ಕಂದಪದ್ಯ: ಕನ್ನಡ ಕಲಿತ ಪರದೇಶಿಗಳ ಉಪಾಯಗಳು

ಹೊಸ ಭಾಷೆಯನ್ನು ಕೆಲವರು ಬೇಗ ಹಿಡಿಯುತ್ತಾರೆ, ಕೆಲವರು ಎಷ್ಟು ಹೆಣಗಿದರೂ ಹಿಡಿಯುವುದಿಲ್ಲ. ಇದು ಯಾಕೆ ಎಂದು ಕೇಳಿದರೆ ‘ಅವರವರ ಬುದ್ಧಿ’ ಎಂಬ ಉತ್ತರವೇ ಬಹುಕಾಲ ಸಾಕಾಗಿತ್ತು. 1975ರಲ್ಲಿ ಭಾಷಾಕಲಿಕೆಯ ಸಂಶೋಧಕಿ ಜೋನ್ ರೂಬಿನ್ ಈ ಉತ್ತರವನ್ನು ಬದಿಗಿಟ್ಟು, ಚೆನ್ನಾಗಿ ಕಲಿಯುವವರು ನಿಜಕ್ಕೂ ಏನು ಮಾಡುತ್ತಾರೆಂದು ನೋಡೋಣ ಎಂದರು. ಅಂಥ ಕಲಿಯುವವರು ಅರ್ಥವನ್ನು ಧೈರ್ಯವಾಗಿ ಊಹಿಸುತ್ತಾರೆ, ತಪ್ಪಿಗೆ ನಾಚುವುದಿಲ್ಲ, ಎದುರಿನವರ ಮಾತಿನ ಜೊತೆಗೆ ತಮ್ಮ ಮಾತಿಗೂ ಕಿವಿಗೊಡುತ್ತಾರೆ. 1990ರಲ್ಲಿ ರೆಬೆಕಾ ಆಕ್ಸ್‌ಫರ್ಡ್ ಇಂಥ ಉಪಾಯಗಳನ್ನೆಲ್ಲ ಕಲೆಹಾಕಿ ಆರು ಗುಂಪು ಮಾಡಿದರು: ನೆನಪಿಡುವುದು, ವಿಂಗಡಿಸಿ ಅಭ್ಯಾಸ ಮಾಡುವುದು, ಗೊತ್ತಿಲ್ಲದ್ದನ್ನು ಗೊತ್ತಿದ್ದುದರಿಂದ ತೂಗಿಸುವುದು, ತನ್ನ ಕಲಿಕೆಗೆ ತಾನೇ ಯೋಜನೆ ಹಾಕಿಕೊಳ್ಳುವುದು, ಅಳುಕನ್ನು ನಿಭಾಯಿಸುವುದು, ಬೇರೆಯವರ ಜೊತೆ ಬೆರೆಯುವುದು. ಅವರ ಪ್ರಶ್ನಾವಳಿಯನ್ನು ಹಲವು ದೇಶಗಳ ವಿದ್ಯಾರ್ಥಿಗಳಿಗೆ ಕೊಟ್ಟು ಉತ್ತರ ಪಡೆದಿದ್ದಾರೆ.

ತೀರಿಹೋದವರ ಕೈಗೆ ಪ್ರಶ್ನಾವಳಿ ಕೊಡಲು ಬರುವುದಿಲ್ಲ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಕನ್ನಡ ಕಲಿತ ಪರದೇಶಿಗಳು ವ್ಯಾಕರಣ, ನಿಘಂಟು, ಗಾದೆ ಸಂಗ್ರಹಗಳನ್ನು ಬಿಟ್ಟುಹೋಗಿದ್ದಾರೆ. ಇವನ್ನು ಪಾಂಡಿತ್ಯದ ಫಲವೆಂದೇ ಓದುವುದು ವಾಡಿಕೆ. ಕಲಿಯುವವನೊಬ್ಬ ತನಗಾಗಿ ಬರೆದುಕೊಂಡ ಟಿಪ್ಪಣಿಗಳೆಂದು ಓದಿದರೆ ಬೇರೊಂದು ಚರಿತ್ರೆ ಕಾಣುತ್ತದೆ. ಹಾಗೆ ಓದುವುದೇ ಈ ಲೇಖನದ ಕೆಲಸ.

ಆ ಪರದೇಶಿಗಳು ಬರುವಷ್ಟರಲ್ಲಿ ಇಲ್ಲಿ ಕಲಿಕೆಗೆ ಒಂದು ದಾರಿ ಗಟ್ಟಿಯಾಗಿ ಬಿದ್ದಿತ್ತು. ಅದು ಬಾಯಿಪಾಠದ ದಾರಿ. ಸಂಸ್ಕೃತಕ್ಕೆ ಹೊರಟ ಹುಡುಗ ಮೊದಲು ಅಮರಕೋಶವನ್ನು ಉರು ಹೊಡೆಯುತ್ತಿದ್ದ. ಅದರಲ್ಲಿ ಶಬ್ದಗಳು ಅಕ್ಷರಾನುಕ್ರಮದಲ್ಲಿ ಬರುವುದಿಲ್ಲ; ಸ್ವರ್ಗ, ಭೂಮಿ, ಪುರ, ವನೌಷಧಿ ಎಂದು ವಿಷಯವಾರು ವರ್ಗಗಳಲ್ಲಿ, ಛಂದಸ್ಸಿನಲ್ಲಿ ಬರುತ್ತವೆ. ಗುಂಪು ಮಾಡಿ ನೆನಪಿಡು ಎಂದು ಇಂದಿನ ಕೈಪಿಡಿಗಳು ಹೇಳುವುದನ್ನು ಅದರ ಕರ್ತೃ ಅಮರಸಿಂಹ ಶ್ಲೋಕ ಕಟ್ಟಿಯೇ ತೋರಿಸಿದ್ದ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವೆಂಬ ಕನ್ನಡ ವ್ಯಾಕರಣದ ಸೂತ್ರಗಳನ್ನು ಕಂದಪದ್ಯದಲ್ಲಿ ಕಟ್ಟಿದ್ದಕ್ಕೂ ಕಂಠಸ್ಥ ಮಾಡುವ ಅನುಕೂಲವೇ ಮುಖ್ಯ ಕಾರಣವಿರಬೇಕು. ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ 592 ಸೂತ್ರಗಳ ವ್ಯಾಕರಣವನ್ನು ಬರೆದದ್ದು ಸಂಸ್ಕೃತದಲ್ಲಿ. ಈ ಶಾಸ್ತ್ರಗಳಿಗೆಲ್ಲ ಓದುಗನೆಂದರೆ ಕಾವ್ಯ ಓದುವವನು, ಕಾವ್ಯ ಬರೆಯುವವನು. ಸಂತೆಯಲ್ಲಿ ರಾಗಿಯ ಬೆಲೆ ಕೇಳಬೇಕಾದವನಿಗೆ ಅವುಗಳಲ್ಲಿ ಏನೂ ಸಿಗುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಬಂದ ಮೊದಲ ಕನ್ನಡ ವ್ಯಾಕರಣ ಮಿಷನರಿ ವಿಲಿಯಂ ಕೇರಿಯದು. ಅದು 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. ಕೇರಿ ಕನ್ನಡನಾಡಿನಲ್ಲಿ ನೆಲೆಸಿದವನಲ್ಲ. ಅವನ ಕನ್ನಡ ಪೂರ್ತಿಯಾಗಿ ಪಂಡಿತರ ಮೂಲಕ ಬಂದದ್ದು. ಅವನ ಬಲವಿದ್ದದ್ದು ದಿನಚರಿಯಲ್ಲಿ: ಬೆಳಿಗ್ಗೆ ಭಾಷೆ ಕಲಿಸುವ ಮುನ್ಷಿಯ ಜೊತೆ ಪಾರಸಿ, ಸಂಜೆ ತೆಲುಗು ಪಂಡಿತನ ಜೊತೆ ತೆಲುಗು, ನಡುವೆ ಅನುವಾದ, ಕರಡು ತಿದ್ದುವುದು. ಹೊತ್ತು ಹಂಚಿಕೊಂಡು ಒಂದರ ಮೇಲೊಂದು ಭಾಷೆಯನ್ನು ಏರಿಸಿಕೊಂಡ ಕೇರಿಗೆ ಕನ್ನಡ ಆ ಸಾಲಿನಲ್ಲಿ ಒಂದು ಮೆಟ್ಟಿಲಾಗಿತ್ತು, ಅಷ್ಟೆ.

ದಕ್ಷಿಣದಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು 1812ರಲ್ಲಿ ಶುರುವಾಯಿತು. ಕಂಪನಿಯ ಎಳೆಯ ಅಧಿಕಾರಿಗಳು ಇಲ್ಲಿ ದೇಶಭಾಷೆ ಕಲಿತು ಪರೀಕ್ಷೆ ಕೊಡಬೇಕಿತ್ತು. ಕಲಿಸುತ್ತಿದ್ದವರು ಮುನ್ಷಿಗಳು, ಪಂಡಿತರು. ಈ ಸಂಬಂಧ ವಿಚಿತ್ರವಾದದ್ದು: ಗುರುವಿಗೆ ಶಿಷ್ಯನ ಸರ್ಕಾರವೇ ಸಂಬಳ ಕೊಡುತ್ತದೆ. ಇಪ್ಪತ್ತು ವರ್ಷದ ದೊರೆ ಳಕಾರವನ್ನು ಲಕಾರವೆಂದರೆ ಮುನ್ಷಿ ಎಷ್ಟು ಸಲ ತಿದ್ದಿಯಾನು? ಸಾಮಾಜಿಕ ಉಪಾಯವೆಂದು ಆಕ್ಸ್‌ಫರ್ಡ್ ಕರೆದದ್ದರಲ್ಲಿ ‘ನನ್ನ ತಪ್ಪು ತಿದ್ದಿ ಎಂದು ಕೇಳುವುದು’ ಕೂಡ ಸೇರಿದೆ. ಕೇಳುವವನಿಗೂ ತಿದ್ದುವವನಿಗೂ ನಡುವೆ ಅಧಿಕಾರ ಕೂತಿದ್ದರೆ ಏನಾಗುತ್ತದೆಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಮುನ್ಷಿಗಳಲ್ಲಿ ಬಹುಪಾಲು ಜನರ ಹೆಸರು ಅವರು ಕಲಿಸಿದವರ ಪುಸ್ತಕಗಳ ಮುಖಪುಟಕ್ಕೆ ಬರಲಿಲ್ಲ. ಕಲಿಸುವ ಕಡೆಯಿಂದ ನಮಗೆ ಸಿಕ್ಕ ದೊಡ್ಡ ವ್ಯಾಕರಣ ಪುಸ್ತಕವೆಂದರೆ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ (1838). ಹೆಸರೇ ಎಲ್ಲವನ್ನೂ ಹೇಳುತ್ತದೆ: ಕೇಶಿರಾಜನದು ಶಬ್ದಮಣಿಯ ದರ್ಪಣವಾದರೆ ಇದು ನುಡಿಯ ಕನ್ನಡಿ, ಅದೂ ಹೊಸಗನ್ನಡದ್ದು.

ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್‌ನ ನಿಘಂಟುಗಳ ಅನುಕ್ರಮ ನೋಡಿ. 1824ರಲ್ಲಿ ಬಂದದ್ದು ಇಂಗ್ಲಿಷ್–ಕನ್ನಡ. ಕನ್ನಡ–ಇಂಗ್ಲಿಷ್ ಬಂದದ್ದು 1832ರಲ್ಲಿ. ‘ನನ್ನ ಈ ಮಾತಿಗೆ ಇವರು ಏನನ್ನುತ್ತಾರೆ’ ಎಂಬ ತುರ್ತು ಮೊದಲು, ‘ಇವರು ಅಂದದ್ದೇನು’ ಎಂಬ ವಿಚಾರ ಆಮೇಲೆ ಎಂದು ನನಗೆ ಕಾಣುತ್ತದೆ. ಉಪದೇಶ ಮಾಡಲು ಬಂದವರಿಗೆ ಅದು ಸಹಜವೇ.

ಬಾಯಿಪಾಠದ ಉಪಾಯಕ್ಕಾಗಿ ಇಲ್ಲೇ ಇನ್ನೊಬ್ಬನನ್ನು ನೆನೆಯಬೇಕು. ಥಾಮಸ್ ಪ್ರೆಂಡರ್‌ಗಾಸ್ಟ್ ಮದ್ರಾಸ್ ಸಿವಿಲ್ ಸರ್ವಿಸ್‌ನಲ್ಲಿ ಬಹುಕಾಲ ತೆಲುಗು ಸೀಮೆಯಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದವನು. 1864ರಲ್ಲಿ ಭಾಷೆಗಳನ್ನು ಕರಗತ ಮಾಡಿಕೊಳ್ಳುವ ಬಗ್ಗೆ ಪುಸ್ತಕ ಬರೆದ. ಮಕ್ಕಳು ಬಿಡಿ ಶಬ್ದ ಕಲಿಯುವುದಿಲ್ಲ, ಇಡೀ ಮಾತಿನ ತುಂಡುಗಳನ್ನೇ ಎತ್ತಿಕೊಳ್ಳುತ್ತಾರೆ ಎಂಬುದು ಅವನು ಕಂಡುಕೊಂಡದ್ದು. ಆದ್ದರಿಂದ ಕೆಲವೇ ಉದ್ದ ವಾಕ್ಯಗಳನ್ನು ನಾಲಿಗೆಗೆ ಹತ್ತುವ ತನಕ ಹೇಳಿಕೊಂಡು, ಆಮೇಲೆ ಅವನ್ನೇ ಬಿಡಿಸಿ ಜೋಡಿಸಬೇಕು. ಕನ್ನಡದಲ್ಲಿ ಮಾಡುವುದಾದರೆ: ‘ಹೋದ ವಾರ ಸಂತೆಯಲ್ಲಿ ಕೊಂಡ ಎತ್ತನ್ನು ನಿಮ್ಮಣ್ಣ ಯಾಕೆ ಮಾರಿಬಿಟ್ಟ?’ ಈ ಒಂದು ಸಾಲಿನಲ್ಲಿ ಕೃದಂತವಿದೆ, ಎರಡು ವಿಭಕ್ತಿ ಪ್ರತ್ಯಯಗಳಿವೆ, ಪ್ರಶ್ನೆಯಿದೆ, ‘ಬಿಡು’ ಎಂಬ ಸಹಾಯಕ ಕ್ರಿಯಾಪದವೂ ಇದೆ. ಎತ್ತಿನ ಜಾಗದಲ್ಲಿ ಎಮ್ಮೆ, ಅಣ್ಣನ ಜಾಗದಲ್ಲಿ ಅಕ್ಕ ಬಂದರೆ ‘ಮಾರಿಬಿಟ್ಟ’ ‘ಮಾರಿಬಿಟ್ಟಳು’ ಆಗುತ್ತದೆ. ಬಾಯಿಪಾಠವನ್ನು ಶಾಸ್ತ್ರದಿಂದ ಬಿಡಿಸಿ ಆಡುಮಾತಿಗೆ ತಂದವನು ಇವನು.

ಇನ್ನು ಮಂಗಳೂರು. ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ, ಹರ್ಮನ್ ಮೋಗ್ಲಿಂಗ್ 1836ರ ಕೊನೆಯಲ್ಲಿ. ಅವನ ಕನ್ನಡದ ಬಗ್ಗೆ ಬರೆಯುವವರು ಒಂದು ಸಂಗತಿಯನ್ನು ದಾಟಿಕೊಂಡು ಹೋಗುತ್ತಾರೆ: ಮಂಗಳೂರಿನ ಬೀದಿಯ ಮಾತು ಕನ್ನಡವಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕಚೇರಿಯಲ್ಲಿ, ಶಾಲೆಯಲ್ಲಿ, ಯಕ್ಷಗಾನದ ರಂಗದಲ್ಲಿ ಕನ್ನಡ. ಅಂದರೆ ಹೊರಗೆ ಕಾಲಿಟ್ಟರೆ ಭಾಷೆ ಕಿವಿಗೆ ಬೀಳುತ್ತದೆ ಎಂಬ ಸುಲಭದ ಉಪಾಯ ಅವನ ಪಾಲಿಗೆ ಅರ್ಧಕ್ಕರ್ಧ ಮುಚ್ಚಿತ್ತು. (ಕರಾವಳಿಯವರದು ಪುಸ್ತಕದ ಕನ್ನಡ ಎಂದು ಘಟ್ಟದ ಮೇಲಿನವರು ಈಗಲೂ ತಮಾಷೆ ಮಾಡುವುದುಂಟು. ಮೋಗ್ಲಿಂಗನ ಕಷ್ಟದ ಬೇರೂ ಅಲ್ಲೇ ಇದೆ.) ಮಿಷನ್ನಿನ ಕೆಲವರು ತುಳುವಿನ ಕಡೆಗೇ ತಿರುಗಿದರು. ಮೋಗ್ಲಿಂಗ್ ಕನ್ನಡವನ್ನು ಪಠ್ಯದಲ್ಲಿ ಹುಡುಕಿದ. ಜೈಮಿನಿ ಭಾರತ ಓದಿದ, ಗಾದೆ ಕೂಡಿಸಿದ, ದಾಸರ ಪದ ಸಂಗ್ರಹಿಸಿದ. 1848ರಿಂದ ಅವನು ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಹಳೆಯ ಕನ್ನಡ ಕೃತಿಗಳ ಮಾಲೆ ಕನ್ನಡಕ್ಕೆ ದೊಡ್ಡ ಕೊಡುಗೆ. ಕಲಿಯುವವನ ಕಣ್ಣಿನಿಂದ ನೋಡಿದರೆ ಅದು ಅವನ ಓದಿನ ಪಟ್ಟಿಯೂ ಹೌದು.

1843ರ ಜುಲೈ 1ರಂದು ಅವನು ಆರಂಭಿಸಿದ ‘ಮಂಗಳೂರ ಸಮಾಚಾರ’ವನ್ನು ಕನ್ನಡದ ಮೊದಲ ಪತ್ರಿಕೆಯೆಂದು ಕೊಂಡಾಡುತ್ತೇವೆ. ಹದಿನೈದು ದಿನಕ್ಕೊಮ್ಮೆ, ಪುರಾಣದ ನುಡಿಗಟ್ಟಿಗೆ ಸಿಗದ ಊರ ವರ್ತಮಾನ, ಸರ್ಕಾರಿ ಸುದ್ದಿಗಳನ್ನು ಓದುಗನಿಗೆ ತಿಳಿಯುವ ಗದ್ಯದಲ್ಲಿ ಬರೆಯಬೇಕಾಗಿ ಬಂದದ್ದು ಮೋಗ್ಲಿಂಗನಿಗೆ ಎಂಥ ಅಭ್ಯಾಸವಾಗಿರಬೇಕು! ಕಲಿತು ಮುಗಿಸಿದ ಮೇಲೆ ಬರೆಯುತ್ತೇನೆಂದು ಅವನು ಕಾಯಲಿಲ್ಲ.

ಅದೇ ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ಹುಬ್ಬಳ್ಳಿ–ಧಾರವಾಡದ ಕಡೆಯ ಕನ್ನಡವೂ ಮಂಗಳೂರು, ಮಡಿಕೇರಿಗಳ ಕನ್ನಡವೂ ಅವನಿಗೆ ಒದಗಿತು. ಅವನ ಉಪಾಯಗಳಲ್ಲಿ ಎಲ್ಲಕ್ಕಿಂತ ಹಟದ್ದು ಛಂದಸ್ಸು. 1862ರ ‘ಕಥಾಮಾಲೆ’ಯಲ್ಲಿ ಏಸುವಿನ ಕಥೆಯನ್ನು ಅವನು ಕನ್ನಡದ ಛಂದಸ್ಸುಗಳಲ್ಲಿ ಕಟ್ಟಿದ. ಕಾವ್ಯವಾಗಿ ಅದರ ಬೆಲೆ ಏನೇ ಇರಲಿ, ಮಾತ್ರೆ ಎಣಿಸಿ ಪ್ರಾಸ ಹುಡುಕುವವನಿಗೆ ಒಂದು ಶಬ್ದಕ್ಕೆ ಬದಲು ಇನ್ನೊಂದು, ಅದಕ್ಕೂ ಬದಲು ಮತ್ತೊಂದು ಬೇಕಾಗುತ್ತದೆ. ನಿಘಂಟುಕಾರನ ಹಸಿವು ಇಲ್ಲೇ ಹುಟ್ಟಿತೆಂದು ನನ್ನ ಊಹೆ. ಆಮೇಲೆ ಅವನು ಹಿಂದಕ್ಕೆ ಹೋದ: 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿದ. ಬಾಯಿಪಾಠದ ಹಳೆಯ ದಾರಿಯ ಆ ಕಂದಪದ್ಯಗಳಿಗೆ ಅವನು ಕಡೆಗೆ ಬಂದು ಸೇರಿದ. ತೀರಿಕೊಂಡ ವರ್ಷವೇ, 1903ರಲ್ಲಿ, ಹೊರಬಂದ ಅವನ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ನಡೆಯುತ್ತದೆ; ಅದರ ಬೆನ್ನೆಲುಬು ಕೇಶಿರಾಜನೇ.

1894ರ ಅವನ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅರ್ಥದ ಪಕ್ಕದಲ್ಲಿ ಹಳೆಯ ಕಾವ್ಯದ ಪ್ರಯೋಗ, ಅದರ ಬೆನ್ನಿಗೇ ಗಾದೆ. ಅಲ್ಲಲ್ಲಿ ಕಂಸದೊಳಗೆ ಚಿಕ್ಕ ಗುರುತುಗಳು: ಇದು ಮೈಸೂರು ಸೀಮೆಯ ಮಾತು, ಇದು ದಕ್ಷಿಣ ಮರಾಠಾ ಸೀಮೆಯ, ಎಂದರೆ ಧಾರವಾಡದ ಕಡೆಯ, ಮಾತು. ಪುಸ್ತಕದಿಂದ ಬಂದ ಶಬ್ದಕ್ಕೆ ಕವಿಯ ಇಲ್ಲವೆ ಕೃತಿಯ ಹೆಸರಿನ ಗುರುತಿದೆ. ಬಾಯಿಂದ ಬಂದ ಶಬ್ದಕ್ಕೆ ಸೀಮೆಯ ಗುರುತಷ್ಟೇ. ಹೇಳಿಕೊಟ್ಟವರು ಯಾರೆಂದು ಆ ಕಂಸದಲ್ಲಿ ಬರೆದಿಲ್ಲ.