ಸ್ಮೋಕ್ ಬಿಸ್ಕೆಟ್‌ನ ‘ಹೊಗೆ’ ಹೊಗೆಯಲ್ಲ: ಪುಟ್ಟ ಮಕ್ಕಳಿಗೆ ಘನ, ದ್ರವ, ಅನಿಲ ಹೇಳಿಕೊಡುವುದು ಹೇಗೆ?

2024ರ ಏಪ್ರಿಲ್‌ನಲ್ಲಿ ಒಂದು ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ದಾವಣಗೆರೆಯಲ್ಲಿ ವಸ್ತುಪ್ರದರ್ಶನಕ್ಕೆ ಹೋಗಿದ್ದ ಪುಟ್ಟ ಹುಡುಗನೊಬ್ಬ ‘ಸ್ಮೋಕ್ ಬಿಸ್ಕೆಟ್’ ತಿಂದು ನೋವಿನಿಂದ ಚೀರುವ ವಿಡಿಯೊ ಅದು. ಅದೇ ವರ್ಷ ಕರ್ನಾಟಕದಲ್ಲಿ, ದ್ರವ ನೈಟ್ರೋಜನ್ ಪೂರ್ತಿ ಆರಿಹೋಗುವ ಮೊದಲೇ ತಿಂಡಿಯನ್ನು ಗಿರಾಕಿಗಳ ಕೈಗೆ ಕೊಡುವುದನ್ನು ನಿಷೇಧಿಸಲಾಯಿತು. ಆದರೆ ವಿಡಿಯೊ ನೋಡಿದ ಹಲವರ ತಲೆಯಲ್ಲಿ ಉಳಿದದ್ದು ‘ಆ ಹೊಗೆ ವಿಷ’ ಎಂಬ ಮಾತು. ನಿಜ ಬೇರೆಯೇ ಇದೆ. ಅದನ್ನು ತಿಳಿಯಲು ಘನ, ದ್ರವ, ಅನಿಲ ಎಂಬ ಪ್ರಾಥಮಿಕ ಶಾಲೆಯ ಪಾಠ ಸಾಕು. ಐದಾರು ವರ್ಷದ ಮಗುವಿಗೂ ಅದನ್ನು ಅಡುಗೆಮನೆಯಲ್ಲೇ ತೋರಿಸಬಹುದು.

ಗಟ್ಟಿಯಾದದ್ದೆಲ್ಲ ಘನ, ಹರಿಯುವುದೆಲ್ಲ ದ್ರವವೇ?

ನಾವು ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆಯೇ. ಮಗು ಗೊಂದಲಕ್ಕೆ ಬೀಳುವುದೂ ಇಲ್ಲಿಯೇ. ಹತ್ತಿ ಮೆತ್ತಗಿದೆ, ಹಾಗಾದರೆ ಅದು ಘನ ಅಲ್ಲವೇ? ರವೆಯನ್ನು ಸುರಿಯಬಹುದು, ಹಾಗಾದರೆ ಅದು ದ್ರವವೇ? ಒಂದು ತಟ್ಟೆಗೆ ರವೆ ಸುರಿಯಿರಿ, ಇನ್ನೊಂದಕ್ಕೆ ನೀರು. ರವೆ ಗುಡ್ಡೆಯಾಗಿ ನಿಲ್ಲುತ್ತದೆ, ನೀರು ಹರಡಿಕೊಳ್ಳುತ್ತದೆ. ರವೆಯ ಒಂದೇ ಒಂದು ಕಾಳನ್ನು ಮಗುವಿನ ಬೆರಳ ತುದಿಗೆ ಹಚ್ಚಿ ತೋರಿಸಿ. ಅದು ಪುಟ್ಟ ಕಲ್ಲಿನ ಹಾಗೆ ತನ್ನ ಆಕಾರ ಬಿಡುವುದಿಲ್ಲ. ತನ್ನದೇ ಆಕಾರ ಇರುವುದು ಘನ, ಪಾತ್ರೆಯ ಆಕಾರ ಪಡೆಯುವುದು ದ್ರವ. ಟೂತ್‌ಪೇಸ್ಟ್ ಯಾವುದು ಎಂದು ಮಗು ಕೇಳಿದರೆ ಖುಷಿಪಡಿ. ಎಲ್ಲವೂ ಈ ಡಬ್ಬಿಗಳಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ ಎಂದು ಹೇಳಿಬಿಡಿ.

ಒಂದೇ ಲೋಟದ ನೀರನ್ನು ಉದ್ದನೆಯ ಗ್ಲಾಸಿಗೆ ಹಾಕಿದರೆ ‘ಜಾಸ್ತಿ ಆಯ್ತು’ ಎಂದು ಮಗು ಹೇಳಬಹುದು. ಸ್ವಿಟ್ಜರ್ಲೆಂಡ್‌ನ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಸುಮಾರು ಏಳು ವರ್ಷದೊಳಗಿನ ಮಕ್ಕಳಿಗೆ ಹೀಗೆ ಅನ್ನಿಸುವುದು ಸಹಜ, ಗದರಬೇಡಿ. ನೀರನ್ನು ಮತ್ತೆ ಮೊದಲ ಲೋಟಕ್ಕೇ ಸುರಿದು ತೋರಿಸಿ.

ಒಂದೇ ವಸ್ತು ಎರಡು ರೂಪದಲ್ಲಿ ಇರಬಲ್ಲದು ಎನ್ನುವುದಕ್ಕೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆಗಿಂತ ಒಳ್ಳೆಯ ಉದಾಹರಣೆ ಸಿಗದು. ಅದು ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಳಿಗಾಲದ ಬೆಳಿಗ್ಗೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ತಿಳಿ ಎಣ್ಣೆ. (ಎಣ್ಣೆ ಹೆಪ್ಪುಗಟ್ಟಿದರೆ ಮೇಣ ಬೆರೆಸಿದ್ದಾರೆ ಎಂಬ ಫಾರ್ವರ್ಡ್ ಬಂದರೆ ಅಲ್ಲೇ ಬಿಡಿ. ಚಳಿಗೆ ಹೆಪ್ಪುಗಟ್ಟುವುದು ಕೊಬ್ಬರಿ ಎಣ್ಣೆಯ ಗುಣ.)

ಕಾಣದ್ದನ್ನು ತೋರಿಸುವುದು

ಕಷ್ಟ ಇರುವುದು ಅನಿಲದಲ್ಲಿ. ಖಾಲಿ ಲೋಟದಲ್ಲಿ ಏನಿದೆ ಎಂದರೆ ಮಗು ‘ಏನೂ ಇಲ್ಲ’ ಎನ್ನುತ್ತದೆ. ಲೋಟದ ತಳಕ್ಕೆ ಒಂದು ಕಾಗದದ ಉಂಡೆ ಬಿಗಿಯಾಗಿ ಸಿಕ್ಕಿಸಿ, ಲೋಟವನ್ನು ಬೋರಲು ಹಿಡಿದು ನೇರವಾಗಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಹೊರಗೆ ತೆಗೆದರೆ ಕಾಗದ ಒಣಗಿಯೇ ಇರುತ್ತದೆ. ಒಳಗಿದ್ದ ಗಾಳಿ ನೀರಿಗೆ ಜಾಗ ಬಿಡಲಿಲ್ಲ. ಈಗ ಮುಳುಗಿಸಿ ಸ್ವಲ್ಪ ಓರೆ ಮಾಡಿ. ಗುಳುಗುಳು ಎಂದು ಗಾಳಿ ಹೊರಬರುತ್ತದೆ, ಕಾಗದ ನೆನೆಯುತ್ತದೆ. ಮಗು ಇದನ್ನು ಹತ್ತು ಸಲ ಮಾಡಿಸಿದರೂ ಮಾಡಿ.

ಇನ್ನು ಕುದಿಯುವ ನೀರು. ಇದನ್ನು ಮಗುವನ್ನು ದೂರ ನಿಲ್ಲಿಸಿ ತೋರಿಸಬೇಕು. ಕೆಟಲ್ ಮೂತಿಯಿಂದ ಬೆಳ್ಳಗೆ ಬರುವುದನ್ನು ನಾವು ಆವಿ ಎನ್ನುತ್ತೇವೆ. ಸರಿಯಾಗಿ ನೋಡಿ: ಮೂತಿಗೆ ತೀರಾ ಹತ್ತಿರದಲ್ಲಿ ಏನೂ ಕಾಣದ ಒಂದು ಪುಟ್ಟ ಅಂತರ ಇರುತ್ತದೆ. ನಿಜವಾದ ನೀರಾವಿ ಇರುವುದು ಅಲ್ಲಿ. ಅದಕ್ಕೆ ಬಣ್ಣವಿಲ್ಲ, ಅದು ಕಣ್ಣಿಗೆ ಕಾಣದು. ಸ್ವಲ್ಪ ದೂರ ಹೋಗಿ ತಣ್ಣಗಾದಾಗ ಅದು ಸಣ್ಣ ಸಣ್ಣ ನೀರ ಹನಿಗಳಾಗುತ್ತದೆ. ಬೆಳ್ಳಗೆ ಕಾಣುವುದು ಆ ಹನಿಗಳು, ಅಂದರೆ ದ್ರವ. ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗಡೆ ಬೆವರುವುದೂ ಇದೇ ಕಾರಣಕ್ಕೆ. ಆ ನೀರು ಒಳಗಿನಿಂದ ಸೋರಿದ್ದಲ್ಲ, ಗಾಳಿಯಲ್ಲಿದ್ದ ನೀರಾವಿಯಿಂದ ಬಂದದ್ದು.

ಹಾಗಾದರೆ ಬಿಸ್ಕೆಟ್‌ನ ಹೊಗೆ?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಭಾಗ ನೈಟ್ರೋಜನ್ ಇದೆ. ಅದು ವಿಷವಲ್ಲ, ಕಣ್ಣಿಗೂ ಕಾಣದು. ಅದನ್ನು ಮೈನಸ್ 196 ಡಿಗ್ರಿಗೆ ತಣಿಸಿದರೆ ನೀರಿನಂಥ ದ್ರವವಾಗುತ್ತದೆ. ಬಿಸ್ಕೆಟ್ ಮೇಲೆ ಸುರಿದ ಕೂಡಲೇ ಕುದಿಯತೊಡಗಿ ಸುತ್ತಲಿನ ಗಾಳಿಯನ್ನು ಒಮ್ಮೆಲೇ ತಣಿಸುತ್ತದೆ. ಗಾಳಿಯ ನೀರಾವಿ ಹನಿಗಟ್ಟಿ ಬೆಳ್ಳಗೆ ಕಾಣುತ್ತದೆ. ಕೆಟಲ್‌ನ ಹಬೆ ಮೇಲೇರಿದರೆ ಇದು ಕೆಳಗಿಳಿಯುತ್ತದೆ, ಏಕೆಂದರೆ ತಣ್ಣನೆಯ ಗಾಳಿ ಭಾರ.

ಅಪಾಯ ಇರುವುದು ಇನ್ನೂ ಆರದೆ ಉಳಿದ ದ್ರವದಲ್ಲಿ. ಅಷ್ಟು ಚಳಿಗೆ ಬಾಯಿ, ಗಂಟಲು ಸುಟ್ಟಂತೆ ಗಾಯವಾಗುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಅನಿಲವಾಗುವಾಗ ಅದು ಸುಮಾರು 700 ಪಟ್ಟು ಹಿಗ್ಗುತ್ತದೆ. ಒಂದು ಟೀ ಚಮಚ ದ್ರವ, ಅಂದರೆ 5 ಮಿಲಿಲೀಟರ್, ಮೂರೂವರೆ ಲೀಟರ್ ಅನಿಲವಾಗುತ್ತದೆ. ದೊಡ್ಡವರ ಜಠರವೇ ಒಂದು, ಒಂದೂವರೆ ಲೀಟರಿಗೆ ತುಂಬಿಹೋಗುತ್ತದೆ. ಮಗುವಿನದು ಇನ್ನೂ ಚಿಕ್ಕದು. ಹಿಗ್ಗುವ ಅನಿಲ ಜಠರವನ್ನೇ ತೂತು ಮಾಡಬಲ್ಲದು. ಬಲೂನು ಊದುತ್ತಾ ಹೋಗಿ ಒಡೆಸಿ ತೋರಿಸಿದರೆ ಮಗುವಿಗೆ ಇದು ಬೇಗ ಅರ್ಥವಾಗುತ್ತದೆ.

ಡ್ರೈ ಐಸ್ ಇದರ ತಮ್ಮ ಎನ್ನಬಹುದು. ಅದು ಮೈನಸ್ 78 ಡಿಗ್ರಿಯ ಘನ ಕಾರ್ಬನ್ ಡೈಆಕ್ಸೈಡ್. ದ್ರವವಾಗದೆ ನೇರ ಅನಿಲವಾಗುತ್ತದೆ. ತೆರೆದಿಟ್ಟ ಕರ್ಪೂರದ ಬಿಲ್ಲೆಯೂ ತಟ್ಟೆಯನ್ನು ಒದ್ದೆ ಮಾಡದೆ ಹೀಗೆಯೇ ಕರಗುತ್ತಾ ಹೋಗುತ್ತದೆ. ಇದನ್ನು ಮಗುವಿಗೆ ತೋರಿಸಬಹುದು, ಆದರೆ ಕೈಗೆ ಕೊಡಬೇಡಿ. ಕರ್ಪೂರ ನುಂಗಿದ ಮಕ್ಕಳಿಗೆ ಫಿಟ್ಸ್ ಬರಬಹುದು.

ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಹೊಗೆಯಾಡುವ ತಿಂಡಿ ಅಥವಾ ಪಾನ್ ತಿಂದ ಮೇಲೆ ಮಗುವಿಗೆ ಹೊಟ್ಟೆ ಉಬ್ಬಿ ಜೋರು ನೋವು ಬಂದರೆ, ಅಥವಾ ಉಸಿರಾಟ ಕಷ್ಟವಾದರೆ, ಮನೆಮದ್ದು ಮಾಡುತ್ತಾ ಕೂರಬೇಡಿ. ವಾಂತಿ ಮಾಡಿಸಲು ಹೋಗಬೇಡಿ. ನೇರ ಆಸ್ಪತ್ರೆಗೆ ಕರೆದೊಯ್ದು, ತಿಂದದ್ದರಲ್ಲಿ ದ್ರವ ನೈಟ್ರೋಜನ್ ಇದ್ದಿರಬಹುದು ಎಂದು ವೈದ್ಯರಿಗೆ ಮೊದಲೇ ಹೇಳಿ.