ತಾಲೀಮಿನ ಜೊತೆಗಾರ: ಸಮನ್ವಯ ಮಕ್ಕಳ ರಂಗಭೂಮಿಯ ಒಂದು ಪ್ರಯೋಗದ ಮರುಓದು

ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಅಂಗವಿಕಲ ಮಗುವಿಗೆ ಸಿಗುವುದು ಹೆಚ್ಚಾಗಿ ಮರದ ಪಾತ್ರ, ಇಲ್ಲವೇ ಕೊನೆಯ ಸಾಲಿನಲ್ಲೊಂದು ಜಾಗ. ಮಗು ರಂಗದ ಮೇಲೆ ಕಾಣಿಸಿಕೊಂಡರೆ ಸಮನ್ವಯವಾಯಿತು ಎಂದು ವರದಿ ಬರೆಯುತ್ತೇವೆ. ಹಿರಿಯ ಪ್ರಾಥಮಿಕ ಹಂತದ ಮಕ್ಕಳಿಗೆ ಅಂಗವಿಕಲರೂ ಇತರರೂ ಒಟ್ಟಿಗೆ ಆಡುವ ಸಮನ್ವಯ ರಂಗಭೂಮಿಯಿಂದ ಆಗುವ ಪ್ರಯೋಜನವನ್ನು ಪ್ರದರ್ಶನದಲ್ಲಿ ಹುಡುಕುವುದಕ್ಕಿಂತ ತಾಲೀಮಿನ ಜೋಡಿಗಳಲ್ಲಿ ಹುಡುಕಬೇಕೆಂಬುದು ಈ ಲೇಖನದ ವಾದ.

ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಬ್ಲೈತ್ ಕಾರ್ಬೆಟ್ ರೂಪಿಸಿದ ‘ಸೆನ್ಸ್ ಥಿಯೇಟರ್’ ಎಂಬ ರಂಗ ಕಾರ್ಯಕ್ರಮ ಇದಕ್ಕೆ ಒಳ್ಳೆಯ ಆಧಾರ. 2016ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಆಟಿಸಂ ಇರುವ, 8ರಿಂದ 14 ವರ್ಷದ 30 ಮಕ್ಕಳಿದ್ದರು. ತಲಾ ನಾಲ್ಕು ಗಂಟೆಯ ಹತ್ತು ತಾಲೀಮುಗಳು; ಆಟಿಸಂ ಇಲ್ಲದ, ತರಬೇತಿ ಪಡೆದ ಓರಗೆಯ ಮಕ್ಕಳೇ ಜೊತೆಗಾರರು. ಕೊನೆಗೆ ಮುಖಗಳನ್ನು ನೆನಪಿಡುವುದರಲ್ಲಿ, ಇನ್ನೊಬ್ಬರ ಮನಸ್ಸನ್ನು ಊಹಿಸುವುದರಲ್ಲಿ, ಅಪರಿಚಿತ ಮಕ್ಕಳೊಡನೆ ಆಡುವುದರಲ್ಲಿ ಸುಧಾರಣೆ ಕಂಡಿತು.

ಜೋಡಿ ಏನು ಮಾಡುತ್ತದೆಂಬುದಕ್ಕೆ ರಂಗಶಿಬಿರಗಳಲ್ಲಿ ಎಲ್ಲರೂ ಆಡಿಸುವ ಕನ್ನಡಿ ಆಟವನ್ನು ನೋಡಬಹುದು. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬ ಕೈಯೆತ್ತಿದರೆ ಇನ್ನೊಬ್ಬನೂ ಎತ್ತಬೇಕು. ಕಣ್ಣಿಗೆ ಕಣ್ಣು ಕೊಡಲು ಕಸಿವಿಸಿಪಡುವ ಹುಡುಗ ಮೊದಲು ಬೆರಳುಗಳನ್ನಷ್ಟೇ ನೋಡಿಕೊಂಡು ಆಡಬಹುದು, ಆಟ ಕೆಡುವುದಿಲ್ಲ. ಸ್ವಲ್ಪ ಹೊತ್ತಿಗೆ ಸರದಿ ತಿರುಗುತ್ತದೆ: ಈಗ ಅವನು ಮುಂದಾಳು, ಮಾತಿನಲ್ಲಿ ಚುರುಕಾದ ಜೊತೆಗಾರ್ತಿ ಅವನ ನಿಧಾನಕ್ಕೆ ಹೊಂದಿಕೊಳ್ಳಬೇಕು. ಇಂಥ ಆಟಗಳನ್ನು ಬೆಳೆಸಿದ ವಯೋಲಾ ಸ್ಪೋಲಿನ್ ಷಿಕಾಗೋದಲ್ಲಿ ವಲಸಿಗರ ಮಕ್ಕಳೊಂದಿಗೆ ಕೆಲಸ ಮಾಡಿದವರು. ಭಾಷೆ ಒಂದಾಗಿರದ ಕಡೆ ಮೈಯೇ ಮೊದಲು ಮಾತಾಡಬೇಕಿತ್ತು.

ಸೆನ್ಸ್ ಥಿಯೇಟರ್ ಅಧ್ಯಯನಕ್ಕೆ ಮಿತಿಗಳೂ ಇವೆ. ಹೋಲಿಕೆಗಿದ್ದದ್ದು ಆ ಮಕ್ಕಳಲ್ಲೇ ತಾಲೀಮಿನ ಸರದಿಗೆ ಇನ್ನೂ ಕಾಯುತ್ತಿದ್ದ ಗುಂಪು. ಹಾಗಾಗಿ ಫಲ ನಾಟಕದ್ದೋ, ನಲವತ್ತು ಗಂಟೆಯ ಒಡನಾಟದ್ದೋ ಎಂದು ಬಿಡಿಸಿ ಹೇಳಲಾಗದು. ನನಗೆ ಹೆಚ್ಚು ಕೊರತೆಯೆನಿಸುವುದು ಬೇರೆ: ಅಳತೆಗೆ ಒಳಗಾದವರು ಆಟಿಸಂ ಇರುವ ಮಕ್ಕಳು ಮಾತ್ರ. ಜೊತೆಗಾರರು ಸಲಕರಣೆಯಂತೆ ಬಂದುಹೋಗುತ್ತಾರೆ. ಒಂದೇ ಕಡೆ ಬದಲಾವಣೆ ಬಯಸುವುದು ಚಿಕಿತ್ಸೆಯಾದೀತು. ಸಮನ್ವಯವಾಗಬೇಕಾದರೆ ಕೀಟಲೆಯ ವಯಸ್ಸಿನ ಆ ಜೊತೆಗಾರರಲ್ಲಿ ಏನು ಬದಲಾಯಿತೆಂಬುದೂ ಗೊತ್ತಾಗಬೇಕು.

ಅದನ್ನು ತಿಳಿಯುವ ಪ್ರಯತ್ನಕ್ಕೆ ಇಲ್ಲಿ ನೆಲೆಯಿದೆ; ಕರ್ನಾಟಕಕ್ಕೆ ಮಕ್ಕಳ ರಂಗಭೂಮಿ ಹೊಸತಲ್ಲ. ಪ್ರೇಮಾ ಕಾರಂತರ ಬೆನಕ ಮಕ್ಕಳ ಕೇಂದ್ರವಿತ್ತು, ಮೈಸೂರಿನ ರಂಗಾಯಣದ ಚಿಣ್ಣರ ಮೇಳವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕಲೆಯ ಪಠ್ಯಕ್ರಮಗಳನ್ನೇ ಅಂಗವಿಕಲರೂ ಭಾಗವಹಿಸುವಂತೆ ಮರುರೂಪಿಸಬೇಕೆನ್ನುತ್ತದೆ. ತೊಡಕು ವೇಳೆಯದು. ಸರ್ಕಾರಿ ಶಾಲೆಗಳ ಬ್ಯಾಗ್‌ರಹಿತ ದಿನವಾದ ‘ಸಂಭ್ರಮ ಶನಿವಾರ’ ತಿಂಗಳಿಗೊಮ್ಮೆ ಬರುತ್ತದೆ. ಅರ್ಧ ದಿನವನ್ನು ಪೂರಾ ನಾಟಕಕ್ಕೆ ಕೊಟ್ಟರೂ ನಲವತ್ತು ಗಂಟೆಗೆ ಶೈಕ್ಷಣಿಕ ವರ್ಷವೇ ಬೇಕು, ನಡುವಿನ ತಿಂಗಳಲ್ಲಿ ಜೋಡಿ ಸಡಿಲಾಗುತ್ತದೆ. ವಾರಕ್ಕೆರಡು ಅವಧಿಯಂತೆ ಒಂದೇ ಜೋಡಿಯನ್ನು ಉಳಿಸಿಕೊಂಡು, ಇಬ್ಬರನ್ನೂ ಅಳೆಯುವ ಅಧ್ಯಯನ ಒಂದೆರಡು ತಾಲ್ಲೂಕುಗಳಲ್ಲಾದರೂ ನಡೆಯಬೇಕಿದೆ.